ರೋಧ ಮತ್ತು ಸಾಮರ್ಥ್ಯದ ಲೆಕ್ಕ: ಯಾವ ಅಳತೆಗೆ ಯಾವ ದಾರಿ ಸರಿ?

100 ವಾಟಿನ ಹಳೆಯ ತಂತಿಬಲ್ಬೊಂದನ್ನು ಹೋಲ್ಡರಿನಿಂದ ಬಿಚ್ಚಿ, ಅದು ಪೂರ್ತಿ ಆರಿದ ಮೇಲೆ ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಅಳೆದರೆ ಸುಮಾರು 38 ಓಮ್ ತೋರಿಸುತ್ತದೆ. ಅದೇ ಬಲ್ಬು 230 ವೋಲ್ಟಿನಲ್ಲಿ ಉರಿಯುವಾಗ 0.435 ಆಂಪಿಯರ್ ಕರೆಂಟ್ ಎಳೆಯುತ್ತದೆ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ 529 ಓಮ್ ಆಗುತ್ತದೆ. ಕಲಬುರಗಿಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿಯಲು ಬರುವ ಹುಡುಗರ ಮುಂದೆ ನಾನು ಪ್ರತಿ ವರ್ಷ ಮೊದಲು ಇಡುವುದು ಈ ಎರಡು ಸಂಖ್ಯೆಗಳನ್ನೇ. ಎರಡರಲ್ಲಿ ತಪ್ಪು ಯಾವುದೆಂದು ಅವರು ಕೇಳುತ್ತಾರೆ. ಯಾವುದೂ ತಪ್ಪಲ್ಲ, ಒಂದು ತಣ್ಣಗಿರುವ ಟಂಗ್‌ಸ್ಟನ್ ತಂತಿಯ ರೋಧ, ಇನ್ನೊಂದು ಬೆಳ್ಳಗೆ ಕಾದ ಅದೇ ತಂತಿಯ ರೋಧ. ಆದರೆ 38 ಓಮ್ ಅನ್ನು ಹಿಡಿದುಕೊಂಡು ಬಲ್ಬಿನ ಸಾಮರ್ಥ್ಯವನ್ನು ಲೆಕ್ಕ ಹಾಕಹೊರಟರೆ 1392 ವಾಟ್ ಎಂಬ ಉತ್ತರ ಬರುತ್ತದೆ, ಅದು ಯಾವ ಕೆಲಸಕ್ಕೂ ಬಾರದು.

ವೋಲ್ಟೇಜ್ ಮತ್ತು ಕರೆಂಟ್ ಗೊತ್ತಿದ್ದರೆ ಭಾಗಿಸಿ ರೋಧವನ್ನೂ ಗುಣಿಸಿ ಸಾಮರ್ಥ್ಯವನ್ನೂ ಪಡೆಯಬಹುದೆಂದು ಹತ್ತನೆಯ ತರಗತಿಯ ವಿಜ್ಞಾನದಲ್ಲಿಯೇ ಎಲ್ಲರೂ ಕಲಿತಿರುತ್ತಾರೆ. ಸಾಮರ್ಥ್ಯಕ್ಕೆ ಇನ್ನೂ ಎರಡು ರೂಪಗಳಿವೆ: ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸುವುದು, ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸುವುದು. ಕಾಗದದ ಮೇಲೆ ಮೂರೂ ಒಂದೇ ಉತ್ತರ ಕೊಡುತ್ತವೆ. ಹೊಲದಲ್ಲಿ, ಮನೆಯಲ್ಲಿ, ವರ್ಕ್‌ಶಾಪಿನಲ್ಲಿ ಹಾಗಾಗುವುದಿಲ್ಲ. ಸೂತ್ರದೊಳಗೆ ಹಾಕುವ ಎರಡೂ ಸಂಖ್ಯೆಗಳು ಒಂದೇ ವಸ್ತುವಿನವೇ, ಒಂದೇ ಹೊತ್ತಿನವೇ, ಒಂದೇ ಸ್ಥಿತಿಯವೇ ಎಂಬುದನ್ನು ನೋಡದೆ ಆಯ್ಕೆ ಮಾಡಿದ ದಾರಿ ಎಷ್ಟೋ ಸಲ ಮೋಸ ಮಾಡುತ್ತದೆ.

ಓಮ್ ಮೀಟರೋ, ಭಾಗಾಕಾರವೋ?

ಮಲ್ಟಿಮೀಟರಿನ ಓಮ್ ಅಳತೆಯಲ್ಲಿ ಮೀಟರು ತನ್ನೊಳಗಿನ ಬ್ಯಾಟರಿಯಿಂದ ಅತಿ ಚಿಕ್ಕ ಕರೆಂಟನ್ನು ಹರಿಸಿ ಉತ್ತರವನ್ನು ತಾನೇ ಹೇಳುತ್ತದೆ. ಲೈನು ಪೂರ್ತಿ ಕಡಿದಿರಬೇಕು, ವಸ್ತುವಿನ ಒಂದು ತುದಿಯಾದರೂ ಸರ್ಕ್ಯೂಟಿನಿಂದ ಬಿಚ್ಚಿರಬೇಕು, ಕೆಪಾಸಿಟರ್ ಇದ್ದರೆ ಅದನ್ನು ಬರಿದು ಮಾಡಿರಬೇಕು. ಕಾಯಿಲ್ ಕಡಿದಿದೆಯೇ, ಫ್ಯೂಸ್ ಹೋಗಿದೆಯೇ, ನೂರಾರು ಅಥವಾ ಸಾವಿರಾರು ಓಮ್‌ಗಳ ರೆಸಿಸ್ಟರ್ ಸರಿಯಾಗಿದೆಯೇ ಎಂದು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ನೀರು ಕಾಯಿಸುವ ರಾಡಿಗೂ ಇದು ಸಾಕು. ಅದರೊಳಗಿನ ನಿಕ್ರೋಮ್ ತಂತಿಯ ರೋಧವು ಕಾದಾಗ ಶೇಕಡಾ ಕೆಲವಷ್ಟು ಮಾತ್ರ ಏರುತ್ತದೆ. 1500 ವಾಟಿನ ರಾಡಿಗೆ 35 ಓಮ್ ಸುಮಾರು ಬಂದರೆ ರಾಡು ಸರಿಯಾಗಿದೆ ಎಂದೇ ಅರ್ಥ.

ಆದರೆ ರೋಧ ಒಂದೆರಡು ಓಮ್‌ಗಿಂತ ಕಡಿಮೆಯಾದಾಗ ಓಮ್ ಮೀಟರನ್ನು ನಂಬಬಾರದು. ಸಾಮಾನ್ಯ ಮೀಟರಿನ 200 ಓಮ್ ಶ್ರೇಣಿಯಲ್ಲಿ ಕಾಣುವ ಅತಿ ಚಿಕ್ಕ ಹೆಜ್ಜೆ 0.1 ಓಮ್, ಮೀಟರಿನ ಎರಡು ವೈರುಗಳ ರೋಧವೇ 0.2ರಿಂದ 0.5 ಓಮ್ ಇರುತ್ತದೆ. ಸ್ಟಾರ್ಟರಿನಿಂದ ಬೋರ್‌ವೆಲ್‌ವರೆಗೆ ಹೋದ ಕೇಬಲ್ಲಿನ ಒಂದು ಎಳೆಯ ರೋಧವನ್ನು ಹೀಗೆ ಅಳೆಯಹೊರಟರೆ ನಾವು ಅಳೆಯುವುದು ಬಹುಪಾಲು ಮೀಟರಿನ ವೈರನ್ನೇ.

ಅಂಥಲ್ಲಿ ವೋಲ್ಟೇಜನ್ನೂ ಕರೆಂಟನ್ನೂ ಬೇರೆಬೇರೆಯಾಗಿ ಅಳೆದು ಭಾಗಿಸುವುದೇ ಸರಿಯಾದ ಆಯ್ಕೆ. 100 ಮೀಟರ್ ಉದ್ದದ, 2.5 ಚದರ ಮಿಲಿಮೀಟರ್ ತಾಮ್ರದ ಕೇಬಲ್ಲನ್ನು ಎರಡೂ ಕಡೆ ಬಿಚ್ಚಿ, ದೂರದ ತುದಿಯಲ್ಲಿ ಎರಡು ಎಳೆಗಳನ್ನು ಒಂದಕ್ಕೊಂದು ಬಿಗಿಯಾಗಿ ಸೇರಿಸಿ, ಹತ್ತಿರದ ತುದಿಯಲ್ಲಿ 12 ವೋಲ್ಟ್ ಬ್ಯಾಟರಿಯನ್ನು ಬೈಕು ಅಥವಾ ಕಾರಿನ 55 ವಾಟಿನ ಹೆಡ್‌ಲೈಟ್ ಬಲ್ಬಿನ ಮೂಲಕ ಕೊಟ್ಟರೆ ಸುಮಾರು 3.5 ಆಂಪಿಯರ್ ಹರಿಯುತ್ತದೆ. ಬಲ್ಬು ಇಲ್ಲಿ ಕರೆಂಟಿಗೆ ಕಡಿವಾಣ ಹಾಕಲು ಮಾತ್ರ ಇದೆ. ಎಳೆಗಳ ಎರಡು ತುದಿಗಳ ತಾಮ್ರಕ್ಕೇ ವೋಲ್ಟ್ ಮೀಟರಿನ ಮುಳ್ಳುಗಳನ್ನು ಒತ್ತಿ ಹಿಡಿದಾಗ 4.9 ವೋಲ್ಟ್ ಬಂದರೆ ರೋಧ 1.4 ಓಮ್, ಅಂದರೆ ಒಂದೊಂದು ಎಳೆಗೆ 0.7 ಓಮ್. ವೋಲ್ಟ್ ಮೀಟರಿನ ವೈರಿನಲ್ಲಿ ಕರೆಂಟು ಹೆಚ್ಚುಕಡಿಮೆ ಹರಿಯುವುದೇ ಇಲ್ಲವಾದ್ದರಿಂದ ಅದರ ರೋಧ ಲೆಕ್ಕದಲ್ಲಿ ಸೇರುವುದಿಲ್ಲ. ಓಮ್ ಮೀಟರಿನಲ್ಲಿ ಸಿಗದ ಲಾಭ ಇದು.

ಭಾಗಾಕಾರದ ದಾರಿಗೆ ಒಂದು ಷರತ್ತಿದೆ. ಎರಡೂ ಓದುಗಳನ್ನು ಒಂದೇ ಹೊತ್ತಿಗೆ ತೆಗೆದುಕೊಳ್ಳಬೇಕು. ಜರ್ಮನಿಯ ಗೇಯಾರ್ಗ್ ಓಮ್ ತನ್ನ ನಿಯಮವನ್ನು 1827ರಲ್ಲಿ ಪುಸ್ತಕವಾಗಿ ಪ್ರಕಟಿಸುವ ಮುಂಚೆ ಅವನ ಕಾಲದ ಬ್ಯಾಟರಿಗಳ ವೋಲ್ಟೇಜು ಅಳೆಯುತ್ತಿರುವಾಗಲೇ ಕುಸಿಯುತ್ತಿತ್ತು. ಅವನು ಬ್ಯಾಟರಿಯನ್ನು ಬಿಟ್ಟು, ಬಿಸ್ಮತ್ ಮತ್ತು ತಾಮ್ರದ ಜೋಡಣೆಯ ಒಂದು ತುದಿಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ಸ್ಥಿರವಾದ ವೋಲ್ಟೇಜನ್ನು ಪಡೆದ ಮೇಲೆಯೇ ಅವನ ಸಂಖ್ಯೆಗಳು ಸಾಲಿಗೆ ಬಂದವು. ನಮ್ಮ ಹಳ್ಳಿಗಳ ಲೈನಿನ ತುದಿಯಲ್ಲಿ, ಅಕ್ಕಪಕ್ಕದ ಹೊಲಗಳ ಪಂಪ್‌ಸೆಟ್ಟುಗಳು ಶುರುವಾಗುತ್ತ ನಿಲ್ಲುತ್ತ ಇರುವಾಗ, ವೋಲ್ಟೇಜು ನಿಮಿಷ ನಿಮಿಷಕ್ಕೆ ಬದಲಾಗುತ್ತದೆ. ಈಗ ವೋಲ್ಟೇಜ್ ನೋಡಿ, ಹತ್ತು ನಿಮಿಷ ಬಿಟ್ಟು ಕರೆಂಟ್ ನೋಡಿ ಭಾಗಿಸಿದರೆ ಬರುವ ರೋಧಕ್ಕೆ ಯಾವ ಅರ್ಥವೂ ಇರುವುದಿಲ್ಲ.

ವೋಲ್ಟ್ ಮೀಟರನ್ನು ಎಲ್ಲಿ ಜೋಡಿಸಬೇಕು?

ಪಿಯುಸಿ ಪ್ರಯೋಗಾಲಯದಲ್ಲಿ ಈ ಪ್ರಯೋಗ ಮಾಡಿದವರಿಗೂ ಬಹಳ ಮಂದಿಗೆ ಇಲ್ಲಿ ಎರಡು ಜೋಡಣೆಗಳಿವೆ ಎಂಬುದು ನೆನಪಿರುವುದಿಲ್ಲ. ವೋಲ್ಟ್ ಮೀಟರನ್ನು ರೋಧದ ಎರಡು ತುದಿಗಳಿಗೇ ನೇರವಾಗಿ ಕೊಡಬಹುದು. ಆಗ ಅಮ್ಮೀಟರು ವೋಲ್ಟ್ ಮೀಟರು ಕುಡಿಯುವ ಕರೆಂಟನ್ನೂ ಸೇರಿಸಿ ತೋರಿಸುತ್ತದೆ, ಉತ್ತರ ನಿಜಕ್ಕಿಂತ ಕಡಿಮೆ ಬರುತ್ತದೆ. ಇಲ್ಲವೇ ರೋಧ ಮತ್ತು ಅಮ್ಮೀಟರು ಎರಡನ್ನೂ ಸೇರಿಸಿ ಹೊರಗಿನಿಂದ ಕೊಡಬಹುದು. ಆಗ ಅಮ್ಮೀಟರಿನ ರೋಧವೂ ಉತ್ತರಕ್ಕೆ ಸೇರಿ ನಿಜಕ್ಕಿಂತ ಹೆಚ್ಚು ಬರುತ್ತದೆ.

ವೋಲ್ಟ್ ಮೀಟರಿನ ರೋಧ 10,000 ಓಮ್, ಅಮ್ಮೀಟರಿನದು 1 ಓಮ್ ಎಂದಿಟ್ಟುಕೊಳ್ಳೋಣ. ಮುಳ್ಳಿನ ಹಳೆಯ ಮೀಟರುಗಳಲ್ಲಿ ಇದು ಅಸಹಜವೇನಲ್ಲ. ಅಳೆಯುವ ರೋಧ 10 ಓಮ್ ಇದ್ದರೆ ಮೊದಲ ಜೋಡಣೆ 9.99 ಓಮ್ ಎನ್ನುತ್ತದೆ, ಎರಡನೆಯದು 11 ಓಮ್ ಎನ್ನುತ್ತದೆ. ರೋಧ 2000 ಓಮ್ ಆದರೆ ತಕ್ಕಡಿ ತಿರುಗುತ್ತದೆ: ಮೊದಲನೆಯದು 1667 ಓಮ್ ಎಂದು ಹೇಳಿ ಆರರಲ್ಲಿ ಒಂದು ಪಾಲು ತಪ್ಪುತ್ತದೆ, ಎರಡನೆಯದು 2001 ಓಮ್ ಎನ್ನುತ್ತದೆ. ಗಡಿ ಎಲ್ಲಿ ಎಂದರೆ ಎರಡು ಮೀಟರುಗಳ ರೋಧಗಳನ್ನು ಗುಣಿಸಿ ವರ್ಗಮೂಲ ತೆಗೆದ ಸಂಖ್ಯೆಯಲ್ಲಿ. ಇಲ್ಲಿ ಅದು 100 ಓಮ್. ಅದಕ್ಕಿಂತ ಕಡಿಮೆಯಿದ್ದರೆ ಮೊದಲ ಜೋಡಣೆ, ಹೆಚ್ಚಿದ್ದರೆ ಎರಡನೆಯದು.

ಡಿಜಿಟಲ್ ಮೀಟರು ಬಂದ ಮೇಲೆ ವೋಲ್ಟ್ ಮೀಟರಿನ ರೋಧ 10 ಲಕ್ಷ ಓಮ್ ಅಥವಾ ಒಂದು ಕೋಟಿ ಓಮ್ ಆಗಿ, ಮೊದಲ ಜೋಡಣೆಯೇ ಬಹುತೇಕ ಎಲ್ಲೆಡೆ ಗೆಲ್ಲುತ್ತದೆ. ಆದರೆ ಅಮ್ಮೀಟರಿನ ದೋಷ ಹೋಗಿಲ್ಲ ಎಂಬುದನ್ನು ಮರೆಯಬಾರದು. ಅಗ್ಗದ ಮಲ್ಟಿಮೀಟರುಗಳ 20 ಮಿಲಿಆಂಪಿಯರ್ ಶ್ರೇಣಿಯ ಒಳರೋಧ 10 ಓಮ್ ಇರುವುದುಂಟು, 2 ಮಿಲಿಆಂಪಿಯರ್ ಶ್ರೇಣಿಯದು 100 ಓಮ್ ಇರುವುದುಂಟು.

ಸಾಮರ್ಥ್ಯಕ್ಕೆ ಮೂರು ಸೂತ್ರಗಳು

ರಾಡು, ಇಸ್ತ್ರಿ ಪೆಟ್ಟಿಗೆ, ವಿದ್ಯುತ್ ಒಲೆಯಂಥ ಕೇವಲ ಕಾಯಿಸುವ ವಸ್ತುಗಳಲ್ಲಿ ರೋಧ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ. ಬದಲಾಗುವುದು ಲೈನಿನ ವೋಲ್ಟೇಜು. ಆದ್ದರಿಂದ ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸುವ ರೂಪ ಇವಕ್ಕೆ ಹೇಳಿ ಮಾಡಿಸಿದಂತಿದೆ. ಬೀದರಿನ ಚಳಿಗಾಲದ ಬೆಳಗಿನ ಜಾವ 15 ಡಿಗ್ರಿಯ 20 ಲೀಟರ್ ನೀರನ್ನು 40 ಡಿಗ್ರಿಗೆ ಏರಿಸಲು 1500 ವಾಟಿನ ರಾಡಿಗೆ, ಹೊರಗೆ ಸೋರುವ ಶಾಖವನ್ನು ಬಿಟ್ಟರೆ, 23 ನಿಮಿಷ ಸಾಕು. ವೋಲ್ಟೇಜು 190ಕ್ಕೆ ಇಳಿದಿದ್ದರೆ? ವೋಲ್ಟೇಜು ಶೇಕಡಾ 17ರಷ್ಟು ಇಳಿದಿದೆ, ಸಾಮರ್ಥ್ಯವೂ ಅಷ್ಟೇ ಇಳಿದು 1239 ವಾಟ್ ಆಗಿರಬೇಕು ಎಂದು ಎಣಿಸುವವರು ಬಹಳ. ವರ್ಗದ ಲೆಕ್ಕ ಹಾಕಿದರೆ 190ರ ವರ್ಗ 36,100, ಅದನ್ನು 35.27 ಓಮ್‌ನಿಂದ ಭಾಗಿಸಿದರೆ ಸುಮಾರು 1023 ವಾಟ್ ಮಾತ್ರ. ನೀರು ಕಾಯಲು 34 ನಿಮಿಷ ಬೇಕಾಗುತ್ತದೆ. ರಾಡು ಕೆಟ್ಟಿದೆ ಎಂದು ಹೊಸದನ್ನು ಕೊಳ್ಳುವ ಮುಂಚೆ ಲೈನಿನ ವೋಲ್ಟೇಜನ್ನು ಒಮ್ಮೆ ನೋಡಿದರೆ ದುಡ್ಡು ಉಳಿಯುತ್ತದೆ.

ವೈರು, ಜಾಯಿಂಟು, ಸಾಕೆಟ್ಟಿನ ಲೆಕ್ಕಕ್ಕೆ ಕರೆಂಟಿನ ವರ್ಗದ ರೂಪವನ್ನೇ ಆರಿಸಬೇಕು. ಇಲ್ಲಿ ಅತಿ ಹೆಚ್ಚು ಕಾಣುವ ತಪ್ಪು, ಲೈನಿನ ವೋಲ್ಟೇಜನ್ನು ತಂದು ವೈರಿನ ರೋಧದೊಡನೆ ಒಂದೇ ಸೂತ್ರದಲ್ಲಿ ಹಾಕುವುದು. ಮೇಲೆ ಹೇಳಿದ 0.7 ಓಮ್‌ನ ಎಳೆ ಮೂರು ಫೇಸಿನ ಪಂಪ್ ಮೋಟರಿಗೆ ಹೋದದ್ದೆನ್ನಿ. ಅದಕ್ಕೆ ಲೈನಿನ 380 ವೋಲ್ಟ್ ಹಾಕಿ ವರ್ಗ ಮಾಡಿ ಭಾಗಿಸಿದರೆ ಎರಡು ಲಕ್ಷ ವಾಟ್ ದಾಟುತ್ತದೆ! ಆ 380 ವೋಲ್ಟ್ ಎಳೆಯ ಎರಡು ತುದಿಗಳ ನಡುವೆ ಇಲ್ಲ, ಅದರ ಬಹುಪಾಲು ಮೋಟರಿನ ಮೇಲಿದೆ. ಎಳೆಯ ಮೇಲಿರುವುದು 9.2 ಆಂಪಿಯರ್ ಹರಿದಾಗ 6.4 ವೋಲ್ಟ್ ಅಷ್ಟೆ. ಕರೆಂಟಿನ ವರ್ಗದ ರೂಪದಲ್ಲಿ ಈ ಗೊಂದಲಕ್ಕೆ ಎಡೆಯಿಲ್ಲ, ಏಕೆಂದರೆ ಸರಣಿಯಲ್ಲಿರುವ ಎಲ್ಲದರಲ್ಲೂ ಒಂದೇ ಕರೆಂಟ್ ಹರಿಯುತ್ತದೆ: 9.2ರ ವರ್ಗ 84.6, ಅದನ್ನು 0.7ರಿಂದ ಗುಣಿಸಿದರೆ ಒಂದು ಎಳೆಗೆ 59 ವಾಟ್, ಮೂರು ಎಳೆಗಳಿಗೆ 178 ವಾಟ್ ಕೇಬಲ್ಲಿನಲ್ಲೇ ಶಾಖವಾಗಿ ಹೋಗುತ್ತದೆ.

ಶಾಖವು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆಂದು ಜೇಮ್ಸ್ ಜೂಲ್ 1841ರಲ್ಲಿ ತೋರಿಸಿದ. ಸಡಿಲವಾದ ಪ್ಲಗ್ ಪಿನ್ನಿನ ಅಪಾಯ ಅರ್ಥವಾಗಬೇಕಾದರೆ ಈ ವರ್ಗದ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಜಾಯಿಂಟಿನಲ್ಲಿ 0.1 ಓಮ್ ಹೆಚ್ಚಾದರೆ ಏನಾಯಿತು ಎನಿಸಬಹುದು. 2 ಆಂಪಿಯರಿಗೆ ಅದು ಅರ್ಧ ವಾಟಿಗೂ ಕಡಿಮೆ. 15 ಆಂಪಿಯರಿನ ಹೊರೆಗೆ ಅದೇ ಜಾಯಿಂಟಿನಲ್ಲಿ 22.5 ವಾಟ್ ಹುಟ್ಟುತ್ತದೆ, ಹೆಚ್ಚುಕಡಿಮೆ ಒಂದು ಸಾಲ್ಡರಿಂಗ್ ಐರನ್ನಿನ ಶಾಖವನ್ನು ಪ್ಲಾಸ್ಟಿಕ್ ಸಾಕೆಟ್ಟಿನೊಳಗೆ ಬಚ್ಚಿಟ್ಟಂತೆ. ಸಾಕೆಟ್ಟು ಕಂದಿದೆ, ಸುಟ್ಟ ವಾಸನೆ ಬರುತ್ತಿದೆ ಎಂದರೆ ಸ್ಕ್ರೂ ಬಿಗಿ ಮಾಡುವುದಕ್ಕೆ ನಾಳೆಯವರೆಗೂ ಕಾಯಬೇಡಿ.

ವೋಲ್ಟೇಜನ್ನು ಕರೆಂಟಿನಿಂದ ಗುಣಿಸುವ ಮೂಲ ರೂಪಕ್ಕೆ ರೋಧ ಬೇಕಾಗಿಲ್ಲ. ರೋಧ ಬಿಸಿಯಾಗಿ ಬದಲಾದರೂ ಅದಕ್ಕೆ ಚಿಂತೆಯಿಲ್ಲ. ತಂತಿಬಲ್ಬಿಗೆ, ಬ್ಯಾಟರಿಯ ಮೇಲೆ ನಡೆಯುವ ಎಲ್ಲಕ್ಕೆ, ಸೋಲಾರ್ ಫಲಕಕ್ಕೆ ಇದೇ ಸರಿ. ಎಸಿ ಲೈನಿನ ಮೇಲೆ ನಡೆಯುವ ಮೋಟರಿಗೆ ಮಾತ್ರ ಇದೂ ಸಾಲದು.

ಕೂಲರ್ ಮತ್ತು ಪಂಪ್‌ಸೆಟ್

ಕಲಬುರಗಿಯ ಮೇ ತಿಂಗಳಲ್ಲಿ ಕೂಲರಿಲ್ಲದ ಮನೆಯನ್ನು ಹುಡುಕುವುದು ಕಷ್ಟ. ಆ ಕೂಲರಿನ ಫ್ಯಾನ್ ಮೋಟರಿನ ಮುಖ್ಯ ವೈಂಡಿಂಗನ್ನು ಓಮ್ ಮೀಟರಿನಲ್ಲಿ ಅಳೆದಾಗ 40 ಓಮ್ ಬಂತೆನ್ನಿ. 230 ವೋಲ್ಟನ್ನು 40ರಿಂದ ಭಾಗಿಸಿ 5.75 ಆಂಪಿಯರ್, ಅಲ್ಲಿಂದ 1322 ವಾಟ್ ಎಂದು ಬರೆದುಕೊಂಡವರು ಕೂಲರನ್ನೇ ಮಾರಲು ಹೊರಡಬಹುದು. ನಿಜವಾಗಿ ಅದು ಎಳೆಯುವುದು 1.1 ಆಂಪಿಯರ್. ಓಮ್ ಮೀಟರು ನೋಡಿದ್ದು ಬರಿಯ ತಾಮ್ರದ ರೋಧವನ್ನು. ಲೈನಿನಲ್ಲಿ ಕರೆಂಟನ್ನು ತಡೆಯುವುದು ಹೆಚ್ಚಾಗಿ ವೈಂಡಿಂಗಿನ ಕಾಂತಕ್ಷೇತ್ರ ಮತ್ತು ತಿರುಗುತ್ತಿರುವ ರೋಟರು ಹುಟ್ಟಿಸುವ ಎದುರು ವೋಲ್ಟೇಜು. 230ನ್ನು 1.1ರಿಂದ ಭಾಗಿಸಿದಾಗ ಬರುವ 209 ಓಮ್ ರೋಧವಲ್ಲ, ಅದು ಇಂಪೀಡೆನ್ಸ್, ಅಂದರೆ ಎಸಿ ಕರೆಂಟಿಗೆ ಒದಗುವ ಒಟ್ಟು ತಡೆ. ಅದನ್ನು ವರ್ಗದ ಸೂತ್ರಗಳಲ್ಲಿ ಹಾಕಿದರೂ ವಾಟ್ ಬರುವುದಿಲ್ಲ, ವೋಲ್ಟ್-ಆಂಪಿಯರ್ ಬರುತ್ತದೆ: 253.

ವಾಟ್ ಬೇಕಾದರೆ ಪವರ್ ಫ್ಯಾಕ್ಟರ್, ಅಂದರೆ ವೋಲ್ಟ್-ಆಂಪಿಯರಿನಲ್ಲಿ ನಿಜವಾಗಿ ವಾಟ್ ಆಗುವ ಪಾಲು, ಗೊತ್ತಿರಬೇಕು, ಅಥವಾ ವಾಟನ್ನೇ ಅಳೆಯುವ ಸಾಧನ ಬೇಕು. ಆ ಸಾಧನ ಪ್ರತಿ ಮನೆಯ ಗೋಡೆಯ ಮೇಲೆ ಇದ್ದೇ ಇದೆ. ವಿದ್ಯುತ್ ಮೀಟರಿನ ಕೆಂಪು ದೀಪ ಒಂದು ಯೂನಿಟ್ಟಿಗೆ (ಒಂದು ಕಿಲೋವಾಟ್-ಗಂಟೆಗೆ) ಎಷ್ಟು ಸಲ ಮಿನುಗುತ್ತದೆ ಎಂಬುದನ್ನು ಮೀಟರಿನ ಮುಖದ ಮೇಲೆ ಮುದ್ರಿಸಿರುತ್ತಾರೆ, 3200 ಸಾಮಾನ್ಯ. ಮನೆಯ ಉಳಿದೆಲ್ಲವನ್ನೂ ಆರಿಸಿ, ಫ್ರಿಜ್ಜನ್ನೂ ಬಿಡದೆ, ಕೂಲರಿನ ಫ್ಯಾನೊಂದನ್ನೇ ಇಟ್ಟು ಐದು ನಿಮಿಷ ಎಣಿಸಿದಾಗ 55 ಸಲ ಮಿನುಗಿದರೆ, ಗಂಟೆಗೆ 660. ಅದನ್ನು 3200ರಿಂದ ಭಾಗಿಸಿದರೆ 0.206 ಕಿಲೋವಾಟ್, ಅಂದರೆ 206 ವಾಟ್. 253 ವೋಲ್ಟ್-ಆಂಪಿಯರಿನೊಡನೆ ಹೋಲಿಸಿದರೆ ಪವರ್ ಫ್ಯಾಕ್ಟರ್ ಸುಮಾರು 0.81. ಒಂದೇ ನಿಮಿಷ ಎಣಿಸುವುದಕ್ಕಿಂತ ಐದು ನಿಮಿಷ ಎಣಿಸುವುದು ಲೇಸು. 11ರಲ್ಲಿ ಒಂದು ಮಿನುಗು ತಪ್ಪಿದರೆ ಶೇಕಡಾ 9ರ ತಪ್ಪು, 55ರಲ್ಲಿ ಒಂದು ತಪ್ಪಿದರೆ ಶೇಕಡಾ 2ಕ್ಕೂ ಕಡಿಮೆ. ತಿಂಗಳ ಬಿಲ್ಲಿನ ಲೆಕ್ಕಕ್ಕೆ ಇದಕ್ಕಿಂತ ನೇರವಾದ ದಾರಿ ನನಗೆ ಕಂಡಿಲ್ಲ, ಏಕೆಂದರೆ ಬಿಲ್ಲು ಬರುವುದೂ ಅದೇ ಮೀಟರಿನ ಮೇಲೆ.

ಅಫಜಲಪುರದ ಕಬ್ಬಿನ ಹೊಲದಲ್ಲೋ ಶಹಾಪುರದ ಗದ್ದೆಯ ಬದುವಿನಲ್ಲೋ ನಿಂತಿರುವ 5 ಎಚ್‌ಪಿ ಮೂರು ಫೇಸಿನ ಮೋಟರಿನಲ್ಲಿ ಇನ್ನೊಂದು ಬಗೆಯ ತಪ್ಪು ನಡೆಯುತ್ತದೆ. ಎರಡು ಫೇಸುಗಳ ನಡುವೆ 380 ವೋಲ್ಟ್, ಒಂದು ಫೇಸಿನಲ್ಲಿ 9.2 ಆಂಪಿಯರ್ ಇದ್ದಾಗ ಸುಮ್ಮನೆ ಗುಣಿಸಿದರೆ 3496 ಬರುತ್ತದೆ. 5 ಎಚ್‌ಪಿ ಎಂದರೆ 3730 ವಾಟ್. ಮೋಟರು ಅದಕ್ಕಿಂತ ಕಡಿಮೆ ಎಳೆಯುತ್ತಿದೆ, ಎಲ್ಲ ಚೆನ್ನಾಗಿದೆ ಎಂದು ಸಮಾಧಾನಪಡುವುದು ಸುಲಭ. ಆದರೆ ಮೂರು ಫೇಸಿಗೆ 1.732ರಿಂದ ಗುಣಿಸಬೇಕು, ಪವರ್ ಫ್ಯಾಕ್ಟರಿನಿಂದಲೂ ಗುಣಿಸಬೇಕು. ಅದು 0.8 ಇದ್ದರೆ ನಿಜವಾದ ಎಳೆತ 4844 ವಾಟ್. ಮೋಟರು ತನ್ನ ಪೂರ್ತಿ 5 ಎಚ್‌ಪಿ ಕೊಡುತ್ತಿದ್ದರೆ ದಕ್ಷತೆ ಶೇಕಡಾ 77 ಆಗುತ್ತದೆ, ಅದು ನಂಬಬಹುದಾದ ಸಂಖ್ಯೆ. ಮೋಟರಿನ ತಗಡಿನ ಮೇಲೆ ಬರೆದಿರುವ ಎಚ್‌ಪಿ ಶಾಫ್ಟಿನ ಹೊರಗೆ ಸಿಗುವ ಸಾಮರ್ಥ್ಯವೇ ಹೊರತು ಲೈನಿನಿಂದ ಎಳೆಯುವುದಲ್ಲ ಎಂಬುದನ್ನು ರೈತರಿಗೆ ಯಾರಾದರೂ ಬಿಡಿಸಿ ಹೇಳಬೇಕೆಂದು ನನಗೆ ಬಹಳ ದಿನಗಳಿಂದ ಅನಿಸುತ್ತಿದೆ.

ರಾಡಿಗೂ ಮೋಟರಿಗೂ ಇರುವ ದೊಡ್ಡ ವ್ಯತ್ಯಾಸ ಕಾಣುವುದು ವೋಲ್ಟೇಜು ಕುಸಿದಾಗ. ರಾಡಿನ ಕರೆಂಟು ವೋಲ್ಟೇಜಿನೊಂದಿಗೆ ಇಳಿಯುತ್ತದೆ. ನೀರೆತ್ತುವ ಹೊರೆ ಹೊತ್ತ ಮೋಟರು ಅದೇ ಕೆಲಸ ಮಾಡಲು ಹೆಚ್ಚು ಕರೆಂಟ್ ಎಳೆಯುತ್ತದೆ. 8 ಆಂಪಿಯರ್ ಇದ್ದದ್ದು 10 ಆದರೆ ತಾಮ್ರದಲ್ಲಿ ಹುಟ್ಟುವ ಶಾಖ ಒಂದೂವರೆ ಪಟ್ಟು ದಾಟುತ್ತದೆ. ಆದ್ದರಿಂದ ಒಂದು ದಿನ ಅಳೆದ ಕರೆಂಟನ್ನು ಇನ್ನೊಂದು ದಿನದ ವೋಲ್ಟೇಜಿಗೆ ಹೊಂದಿಸಿ ಅನುಪಾತದಲ್ಲಿ ಇಳಿಸುವ ಲೆಕ್ಕ ರಾಡಿಗೆ ಸಲ್ಲುತ್ತದೆ, ಮೋಟರಿಗೆ ಸಲ್ಲದು.

ಬಿಸಿಲಿನಲ್ಲಿ ರೋಧ

ತಾಮ್ರದ ರೋಧ ಪ್ರತಿ ಡಿಗ್ರಿಗೆ 0.393 ಶೇಕಡಾದಷ್ಟು ಏರುತ್ತದೆ, 20 ಡಿಗ್ರಿಯನ್ನು ಆಧಾರವಾಗಿಟ್ಟುಕೊಂಡರೆ. ಜನವರಿಯ ಬೆಳಿಗ್ಗೆ 20 ಡಿಗ್ರಿಯಲ್ಲಿ 10 ಓಮ್ ತೋರಿಸಿದ ವೈಂಡಿಂಗು ಮೇ ತಿಂಗಳ ಮಧ್ಯಾಹ್ನ 45 ಡಿಗ್ರಿಗೆ ಕಾದ ಶೆಡ್ಡಿನಲ್ಲಿ, ಮೋಟರನ್ನು ಚಾಲೂ ಮಾಡುವ ಮುಂಚೆಯೇ, 10.98 ಓಮ್ ತೋರಿಸುತ್ತದೆ. ರೀವೈಂಡಿಂಗ್ ಅಂಗಡಿಯಲ್ಲಿ ಹಳೆಯ ಅಳತೆಯೊಡನೆ ಹೋಲಿಸಿ ವೈಂಡಿಂಗು ಕೆಟ್ಟಿದೆ ಎಂದು ಹೇಳುವ ಮುಂಚೆ ಆ ದಿನದ ತಾಪಮಾನವನ್ನು ಅಳತೆಯ ಪಕ್ಕದಲ್ಲೇ ಬರೆದಿಡುವ ಅಭ್ಯಾಸ ಬೇಕು. ಮೂರು ಫೇಸುಗಳ ರೋಧ ಒಂದಕ್ಕೊಂದು ಸಮವಾಗಿದೆಯೇ ಎಂದು ನೋಡುವುದಂತೂ ಯಾವ ಋತುವಿನಲ್ಲೂ ನಂಬಬಹುದಾದ ಪರೀಕ್ಷೆ, ಏಕೆಂದರೆ ಮೂರೂ ಒಂದೇ ಬಿಸಿಲಿನಲ್ಲಿರುತ್ತವೆ.

ಇದೇ ಗುಣವನ್ನು ಥರ್ಮಾಮೀಟರಿನಂತೆಯೂ ಬಳಸಬಹುದು. ಕೂಲರಿನ ಮೋಟರು ಗಂಟೆಗಟ್ಟಲೆ ನಿಂತು 42 ಡಿಗ್ರಿಯ ಗಾಳಿಯಷ್ಟೇ ಆಗಿದ್ದಾಗ 40 ಓಮ್, ಎರಡು ಗಂಟೆ ಓಡಿಸಿ ಪ್ಲಗ್ಗನ್ನು ಕಿತ್ತು ಕೆಪಾಸಿಟರನ್ನು ಬರಿದು ಮಾಡಿದ ಕೂಡಲೇ 48 ಓಮ್ ಬಂತೆನ್ನೋಣ. ಹೆಚ್ಚಿದ 8ನ್ನು 40ರಿಂದ ಭಾಗಿಸಿ, ತಾಮ್ರದ ಸ್ಥಿರಾಂಕವಾದ 234.5ಕ್ಕೆ 42ನ್ನು ಕೂಡಿಸಿದ 276.5ರಿಂದ ಗುಣಿಸಿದರೆ 55 ಡಿಗ್ರಿ ಏರಿಕೆ. ವೈಂಡಿಂಗಿನ ಸರಾಸರಿ ತಾಪಮಾನ 97 ಡಿಗ್ರಿ. ಇನ್ಸುಲೇಶನ್ನು ಬಿ ವರ್ಗದ್ದಾದರೆ ಅದರ ಮಿತಿ 130 ಡಿಗ್ರಿ, ಆದ್ದರಿಂದ ಚಿಂತೆಯಿಲ್ಲ. ಹೊರಗಿನ ಕವಚವನ್ನು ಕೈಯಿಂದ ಮುಟ್ಟಿ ನೋಡುವುದಕ್ಕೂ ಈ ಲೆಕ್ಕಕ್ಕೂ ನಡುವೆ ಆಯ್ಕೆ ಮಾಡಬೇಕಾದರೆ ನಾನು ಲೆಕ್ಕವನ್ನೇ ಆರಿಸುತ್ತೇನೆ. ಮೇ ತಿಂಗಳಲ್ಲಿ ನೆರಳಿನಲ್ಲಿಟ್ಟ ಕಬ್ಬಿಣವೂ ಕೈಗೆ ಬಿಸಿಯೇ.

ಯಾವ ಮೀಟರನ್ನು ಮೊದಲು ಕೊಳ್ಳಬೇಕು?

ಒಂದೇ ಸಾಧನಕ್ಕೆ ದುಡ್ಡಿದ್ದರೆ, ವೋಲ್ಟ್ ಮತ್ತು ಓಮ್ ಎರಡನ್ನೂ ಅಳೆಯುವ ಕ್ಲಾಂಪ್ ಮೀಟರನ್ನು, ಅಂದರೆ ವೈರನ್ನು ಕಡಿಯದೆ ಇಕ್ಕಳದಂಥ ಬಾಯಿಯೊಳಗೆ ಹಿಡಿದು ಕರೆಂಟ್ ಅಳೆಯುವ ಮೀಟರನ್ನು, ಕೊಳ್ಳುವುದು ಒಳಿತು. ಸಾಮಾನ್ಯ ಮಲ್ಟಿಮೀಟರಿನಲ್ಲಿ ಕರೆಂಟ್ ಅಳೆಯಲು ಲೈನನ್ನು ಕಡಿದು ಮೀಟರನ್ನು ನಡುವೆ ಸೇರಿಸಬೇಕು, ಆಮೇಲೆ ವೈರನ್ನು ಆಂಪಿಯರ್ ತೂತಿನಲ್ಲೇ ಮರೆತು ಸಾಕೆಟ್ಟಿನ ವೋಲ್ಟೇಜ್ ನೋಡಹೋದರೆ ಅದು ನೇರ ಶಾರ್ಟ್ ಸರ್ಕ್ಯೂಟು. ಕ್ಲಾಂಪಿನಲ್ಲಿ ಆ ಅಪಾಯವಿಲ್ಲ. ಕೊಳ್ಳುವಾಗ ಅದು ಎಸಿಯನ್ನು ಮಾತ್ರ ಅಳೆಯುತ್ತದೆಯೇ, ಡಿಸಿಯನ್ನೂ ಅಳೆಯುತ್ತದೆಯೇ ಎಂದು ಕೇಳಿಕೊಳ್ಳಿ. ಮೇಲಿನ ಬ್ಯಾಟರಿ ಪ್ರಯೋಗಕ್ಕೂ ಸೋಲಾರ್ ಫಲಕಕ್ಕೂ ಡಿಸಿ ಕ್ಲಾಂಪೇ ಬೇಕು. ಕ್ಲಾಂಪಿನ ಬಾಯೊಳಗೆ ಒಂದೇ ಎಳೆ ಹೋಗಬೇಕು. ಫೇಸು ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಅಳಿಸಿ ಸೊನ್ನೆ ತೋರಿಸುತ್ತದೆ. ಕೂಲರಿನ 1.1 ಆಂಪಿಯರಿನಂಥ ಚಿಕ್ಕ ಕರೆಂಟನ್ನು 400 ಆಂಪಿಯರಿನ ಕ್ಲಾಂಪು ಸರಿಯಾಗಿ ಹೇಳಲಾರದು. ಅದಕ್ಕಾಗಿ ನಾನು ಒಂದು ಎಕ್ಸ್‌ಟೆನ್ಶನ್ ವೈರಿನ ಹೊರಗವಚವನ್ನು ಬಿಡಿಸಿ, ಒಳ ಎಳೆಯ ಇನ್ಸುಲೇಶನ್ ಹಾಗೆಯೇ ಇರುವಂತೆ, ಫೇಸಿನ ಎಳೆಯನ್ನು ಐದು ಸುತ್ತು ಸುತ್ತಿ ಇಟ್ಟುಕೊಂಡಿದ್ದೇನೆ. ಐದೂ ಸುತ್ತನ್ನು ಕ್ಲಾಂಪಿನೊಳಗೆ ಹಾಕಿದಾಗ 5.5 ಎಂದು ಬರುತ್ತದೆ, ಐದರಿಂದ ಭಾಗಿಸಿದರೆ 1.1.